ಸುವರ್ಣಯುಗಕ್ಕೆ ಇನ್ನೊಬ್ಬರ ಕತ್ತಲೆ ಬೇಕೇ?

(ಉಪನ್ಯಾಸದ ಲಿಖಿತ ರೂಪ)



ನಮ್ಮ ಮಕ್ಕಳು ಎರಡು ಕಥೆಗಳನ್ನು ಕೇಳುತ್ತಾ ಬೆಳೆಯುತ್ತಾರೆ. ಮೊದಲನೆಯದು ಶಾಲೆಯ ಪಾಠ. ರೋಮ್ ಪತನವಾದ ಬಳಿಕ ಯುರೋಪು ಸಾವಿರ ವರ್ಷ ಕತ್ತಲೆಯಲ್ಲಿತ್ತು. 1453ರಲ್ಲಿ ತುರ್ಕರು ಕಾನ್‌ಸ್ಟಾಂಟಿನೋಪಲನ್ನು ಗೆದ್ದಾಗ ಗ್ರೀಕ್ ವಿದ್ವಾಂಸರು ಗ್ರಂಥಗಳೊಡನೆ ಇಟಲಿಗೆ ಓಡಿದರು. ಅಲ್ಲಿ ಪುನರುಜ್ಜೀವನ ಯುಗದ ಬೆಳಕು ಮೂಡಿತು ಎಂಬುದು ಆ ಪಾಠದ ಸಾರ. ಎರಡನೆಯದನ್ನು ಅವರು ನಮ್ಮ ಸಭೆ ಸಮಾರಂಭಗಳಲ್ಲಿ ಕೇಳುತ್ತಾರೆ, ಈಗೀಗ ಮೊಬೈಲ್ ಸಂದೇಶಗಳಲ್ಲಿ ಓದುತ್ತಾರೆ. ಯುರೋಪು ಕತ್ತಲೆಯಲ್ಲಿದ್ದಾಗ ಬಗ್ದಾದ್ ಮತ್ತು ಕುರ್ತುಬಾ ನಗರಗಳು ಬೆಳಗುತ್ತಿದ್ದವು. ಗಣಿತದಿಂದ ವಿಮಾನದವರೆಗೆ ಎಲ್ಲವನ್ನೂ ನಾವೇ ಕಂಡುಹಿಡಿದೆವು. 1258ರಲ್ಲಿ ಮಂಗೋಲರು ನಮ್ಮ ಗ್ರಂಥಗಳನ್ನು ನದಿಗೆ ಎಸೆದರು, ಅಲ್ಲಿಗೆ ಎಲ್ಲ ಮುಗಿಯಿತು ಎಂಬುದು ಆ ಕಥೆಯ ಸಾರ.

ಮೇಲ್ನೋಟಕ್ಕೆ ಈ ಎರಡು ಕಥೆಗಳು ಪರಸ್ಪರ ಎದುರಾಳಿಗಳು. ಆದರೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದವು. ಎರಡರಲ್ಲೂ ಒಬ್ಬರ ಬೆಳಕಿಗೆ ಇನ್ನೊಬ್ಬರ ಕತ್ತಲೆ ಬೇಕು. ಎರಡರಲ್ಲೂ ಬೆಳಕನ್ನು ಹೊತ್ತಿಸಿದ ಶ್ರಮದ ವಿವರವಿಲ್ಲ, ಅದರ ಬೆಲೆ ತೆತ್ತವರ ಲೆಕ್ಕವೂ ಇಲ್ಲ. ಈ ಅಚ್ಚನ್ನು ಪರೀಕ್ಷಿಸಿ ನೋಡುವುದು ಇಂದಿನ ನಮ್ಮ ಉದ್ದೇಶ. ನಾವು ಹೆಮ್ಮೆಯಿಂದ ಹಿಡಿದಿರುವ ಈ ಅಸ್ತ್ರ ಯಾರ ಕಡೆಗೆ ತಿರುಗುತ್ತದೆ ಎಂಬುದನ್ನು ಕೊನೆಯಲ್ಲಿ ನೋಡೋಣ.

ಮೊದಲು ಯುರೋಪಿನ ಕಥೆಯನ್ನು ತೆಗೆದುಕೊಳ್ಳೋಣ. ತಮಗಿಂತ ಹಿಂದಿನ ಶತಮಾನಗಳು ಕತ್ತಲೆಯವು ಎಂಬ ಭಾವನೆಯನ್ನು ಬಿತ್ತಿದವರು 14ನೇ ಶತಮಾನದ ಇಟಲಿಯ ಕವಿ ಪೆಟ್ರಾರ್ಕ್. ಕಲೆ ಮರುಹುಟ್ಟು ಪಡೆಯಿತೆಂಬ ಮಾತನ್ನು ಜನಪ್ರಿಯಗೊಳಿಸಿದವರು 1550ರಲ್ಲಿ ಕಲಾವಿದರ ಜೀವನ ಚರಿತ್ರೆಗಳನ್ನು ಪ್ರಕಟಿಸಿದ ವಸಾರಿ. ಅವರೂ ಕಲಾವಿದರೇ, ತಮ್ಮ ನಗರದ, ತಮ್ಮ ಬಳಗದ ಕೀರ್ತಿಯನ್ನು ಅವರು ಬರೆದರು. ಇಡೀ ಒಂದು ಕಾಲಘಟ್ಟಕ್ಕೆ ಈ ಹೆಸರು ಗಟ್ಟಿಯಾಗಿ ಅಂಟಿಕೊಂಡಿದ್ದು ಬಹಳ ತಡವಾಗಿ. ಫ್ರಾನ್ಸಿನ ಮಿಶಲೆ 1855ರಲ್ಲಿ, ಸ್ವಿಟ್ಜರ್ಲೆಂಡಿನ ಬರ್ಕ್‌ಹಾರ್ಟ್ 1860ರಲ್ಲಿ ಬರೆದ ಗ್ರಂಥಗಳು ಆಧುನಿಕ ಮಾನವನು ಅಲ್ಲೇ ಹುಟ್ಟಿದನೆಂಬ ಚಿತ್ರವನ್ನು ನಿಲ್ಲಿಸಿದವು. ಆಗ ಯುರೋಪಿನ ರಾಷ್ಟ್ರಗಳು ಲೋಕದ ಬಹುಭಾಗವನ್ನು ಆಳಲು ಹೊರಟಿದ್ದವು. ತಾವೇಕೆ ಮುಂದೆ, ಉಳಿದವರೇಕೆ ಹಿಂದೆ ಎಂಬ ಪ್ರಶ್ನೆಗೆ ಆ ಕಾಲಕ್ಕೆ ಒಪ್ಪುವ ಉತ್ತರ ಬೇಕಾಗಿತ್ತು.

ಇನ್ನು ಆ ಸಾವಿರ ವರ್ಷಗಳ ಕತ್ತಲೆ. ಬೊಲೊನ್ಯಾ, ಪ್ಯಾರಿಸ್, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಗಳು ಬೆಳೆದದ್ದು ಆ ಕತ್ತಲೆ ಎನ್ನಲಾದ ಕಾಲದಲ್ಲೇ. ಕನ್ನಡಕ ತಯಾರಾದದ್ದು 13ನೇ ಶತಮಾನದ ಕೊನೆಯ ಇಟಲಿಯಲ್ಲಿ. 12ನೇ ಶತಮಾನದಲ್ಲಿ ಸ್ಪೇನಿನ ತುಲೈತುಲಾ, ಅಂದರೆ ಟೊಲೆಡೊ ನಗರದಲ್ಲಿ ಕುಳಿತು ಕ್ರೆಮೋನಾದ ಜೆರಾರ್ಡ್ ಎಂಬ ವಿದ್ವಾಂಸರು ಅರಬಿಯಿಂದ ಲ್ಯಾಟಿನಿಗೆ 70ಕ್ಕೂ ಹೆಚ್ಚು ಗ್ರಂಥಗಳನ್ನು ಅನುವಾದಿಸಿದರು. ಇಬ್ನು ಸೀನಾ ಅವರ ವೈದ್ಯ ಗ್ರಂಥ ‘ಅಲ್ ಖಾನೂನ್’ ಯುರೋಪಿಗೆ ತಲುಪಿದ್ದು ಅವರ ಮೂಲಕವೇ. ಗ್ರೀಕ್ ಕಲಿಸಲು ಮ್ಯಾನುಯೆಲ್ ಕ್ರಿಸೊಲೊರಸ್ ಫ್ಲಾರೆನ್ಸಿಗೆ ಬಂದದ್ದು 1397ರಲ್ಲಿ, ಕಾನ್‌ಸ್ಟಾಂಟಿನೋಪಲ್ ತುರ್ಕರ ಕೈ ಸೇರುವುದಕ್ಕೆ ಅರ್ಧ ಶತಮಾನಕ್ಕೂ ಮೊದಲೇ. ಆದುದರಿಂದ ತುರ್ಕರ ಭಯದಿಂದ ಪುನರುಜ್ಜೀವನ ಹುಟ್ಟಿತೆಂಬ ಮಾತು ಕಾಲಗಣನೆಯ ಮುಂದೆ ನಿಲ್ಲುವುದಿಲ್ಲ. ಸ್ವಾರಸ್ಯವೆಂದರೆ, ಉತ್ತರ ಆಫ್ರಿಕದ ಇಬ್ನು ಖಲ್ದೂನ್ ಅವರು 1370ರ ದಶಕದಲ್ಲೇ, ಸಮುದ್ರದಾಚೆಯ ಫ್ರಾಂಕರ ನಾಡುಗಳಲ್ಲಿ ವಿದ್ಯೆಗಳು ಪ್ರವರ್ಧಿಸುತ್ತಿವೆಯೆಂದು ತಾವು ಕೇಳಿರುವುದಾಗಿ ತಮ್ಮ ‘ಮುಖದ್ದಿಮಾ’ದಲ್ಲಿ ದಾಖಲಿಸಿದ್ದಾರೆ.

ಕೊಲಂಬಸನ ಕಥೆಯೂ ಹೀಗೆಯೇ. ಭೂಮಿ ಚಪ್ಪಟೆಯೆಂದು ನಂಬಿದ್ದ ಪಾದ್ರಿಗಳನ್ನು ಧಿಕ್ಕರಿಸಿ ಅವನು ಹಡಗು ಹತ್ತಿದನೆಂದು ಲಕ್ಷಾಂತರ ಮಕ್ಕಳು ಓದಿದ್ದಾರೆ. ಈ ಕಥೆಗೆ ವ್ಯಾಪಕ ಪ್ರಚಾರ ಕೊಟ್ಟಿದ್ದು ಅಮೆರಿಕದ ಸಾಹಿತಿ ವಾಷಿಂಗ್ಟನ್ ಇರ್ವಿಂಗ್ 1828ರಲ್ಲಿ ಪ್ರಕಟಿಸಿದ ಪುಸ್ತಕ. ಭೂಮಿ ಗೋಳಾಕಾರದ್ದೆಂಬುದು ಮಧ್ಯಯುಗದ ಯುರೋಪಿನ ವಿದ್ಯಾವಂತರಿಗೆ ಚೆನ್ನಾಗಿ ಗೊತ್ತಿತ್ತು. ವಿವಾದವಿದ್ದದ್ದು ಅದರ ಗಾತ್ರದ ಬಗ್ಗೆ. 9ನೇ ಶತಮಾನದ ಖಗೋಳಜ್ಞ ಅಲ್ ಫರ್ಗಾನಿ ಕೊಟ್ಟಿದ್ದ ಅಳತೆಯನ್ನು ಕೊಲಂಬಸ್ ಬಳಸಿದನಾದರೂ ಅರಬಿ ಮೈಲನ್ನು ಅದಕ್ಕಿಂತ ಚಿಕ್ಕದಾದ ಇಟಲಿಯ ಮೈಲೆಂದು ಭಾವಿಸಿ ಲೆಕ್ಕ ಹಾಕಿದನು. ಭೂಮಿ ಅವನ ಕಾಗದದ ಮೇಲೆ ಕುಗ್ಗಿತು. ದಾರಿ ಅಷ್ಟು ಹತ್ತಿರವಿಲ್ಲ ಎಂದು ಆಕ್ಷೇಪಿಸಿದ ವಿದ್ವಾಂಸರೇ ಸರಿಯಾಗಿದ್ದರು. ಸೋತ ಲೆಕ್ಕವೊಂದು ಕಥೆಯಲ್ಲಿ ವಿಜ್ಞಾನದ ವಿಜಯವಾಗಿಬಿಟ್ಟಿತು.

ಹಾಗಾದರೆ ಪುನರುಜ್ಜೀವನವೇ ಸುಳ್ಳೇ? ಹಾಗೆ ಹೇಳುವುದು ಇನ್ನೊಂದು ಅತಿರೇಕವಾದೀತು. ಆ ಚಿತ್ರಗಳು, ಆ ಕಟ್ಟಡಗಳು, 1450ರ ದಶಕದಲ್ಲಿ ಗುಟೆನ್‌ಬರ್ಗ್ ತೆರೆದ ಮುದ್ರಣದ ದಾರಿ ಎಲ್ಲವೂ ನಿಜ. ಆದರೆ ಆ ಬೆಳಕು ಯಾರ ಮನೆಯವರೆಗೆ ಹೋಯಿತು ಎಂದು ಕೇಳಬೇಕು. ಆಫ್ರಿಕದ ಕರಾವಳಿಯಿಂದ ಹಿಡಿದು ತಂದ 200ಕ್ಕೂ ಹೆಚ್ಚು ಮನುಷ್ಯರನ್ನು ಪೋರ್ಚುಗಲ್ಲಿನ ಲಾಗೋಸ್ ಬಂದರಿನಲ್ಲಿ ಇಳಿಸಿ ಹಂಚಿಕೊಂಡದ್ದು 1444ರಲ್ಲಿ. ಗ್ರನಾಡಾ ಪತನವಾಗಿ, ಸ್ಪೇನಿನಿಂದ ಯಹೂದಿಯರನ್ನು ಹೊರಗಟ್ಟಿದ್ದು 1492ರಲ್ಲಿ. ಮಾಟಗಾತಿಯರೆಂಬ ಆರೋಪದ ಮೇಲೆ ಜನರನ್ನು, ಬಹುಪಾಲು ಹೆಂಗಸರನ್ನು, ಕೊಂದದ್ದು ಮಧ್ಯಯುಗದ ಕೃತ್ಯವೆಂದೇ ನಾವು ತಿಳಿದಿದ್ದೇವೆ. ವಾಸ್ತವದಲ್ಲಿ ಅದು ಅತ್ಯಂತ ಭೀಕರವಾಗಿ ನಡೆದದ್ದು 1560ರಿಂದ 1630ರ ನಡುವೆ. ಹೀಗೆ ಪ್ರಾಣ ಕಳೆದುಕೊಂಡವರು ಒಟ್ಟು 40ರಿಂದ 50 ಸಾವಿರ ಎಂಬುದು ಇತಿಹಾಸಕಾರರ ಅಂದಾಜು. ಅಮೆರಿಕದ ಇತಿಹಾಸಕಾರ್ತಿ ಜೋನ್ ಕೆಲ್ಲಿ 1977ರಲ್ಲಿ ಒಂದು ಪ್ರಬಂಧ ಬರೆದರು. ಹೆಂಗಸರಿಗೂ ಒಂದು ಪುನರುಜ್ಜೀವನವಿತ್ತೇ ಎಂಬ ಪ್ರಶ್ನೆಯೇ ಅದರ ಶೀರ್ಷಿಕೆ. ಗಂಡಸರ ಅವಕಾಶಗಳು ಹಿಗ್ಗಿದ ಆ ಕಾಲದಲ್ಲೇ ಹೆಂಗಸರ ಅವಕಾಶಗಳು ಕುಗ್ಗಿದವೆಂದು ಅವರು ವಾದಿಸಿದರು. ಸುವರ್ಣಯುಗ ಎಂದವರನ್ನೆಲ್ಲ ಕೇಳಬೇಕಾದ ಪ್ರಶ್ನೆ ಇದು: ಯಾರಿಗೆ ಸುವರ್ಣ?

ಯುರೋಪಿಗೆ ಈ ಪ್ರಶ್ನೆ ಹಾಕುವಾಗ ನಮ್ಮ ಸಭೆಗಳಲ್ಲಿ ಚಪ್ಪಾಳೆ ಬೀಳುತ್ತದೆ. ಅದೇ ತಕ್ಕಡಿಯಲ್ಲಿ ನಮ್ಮ ಕಥೆಯನ್ನೂ ತೂಗಬೇಕಲ್ಲವೇ?

ಬಗ್ದಾದಿನ ಸಾಧನೆ ನಿಜ, ಅದರಲ್ಲಿ ಸಂಶಯವಿಲ್ಲ. ಅರಬರು ಗ್ರೀಕರ ಪುಸ್ತಕಗಳನ್ನು ಭದ್ರವಾಗಿಟ್ಟು ಯುರೋಪಿಗೆ ಮರಳಿಸಿದ ಕಾವಲುಗಾರರಷ್ಟೇ ಎಂಬ ಮಾತು ತಪ್ಪು. ಇಬ್ನುಲ್ ಹೈಸಮ್ ಅವರು ಟಾಲೆಮಿಯ ದೋಷಗಳನ್ನು ತೋರಿಸಲೆಂದೇ ಒಂದು ಗ್ರಂಥ ಬರೆದರು. ದೃಷ್ಟಿಯ ಕುರಿತಾದ ಅವರ ಇನ್ನೊಂದು ಗ್ರಂಥದ ಇಟಾಲಿಯನ್ ಅನುವಾದವನ್ನು ಫ್ಲಾರೆನ್ಸಿನ ಶಿಲ್ಪಿ ಗಿಬರ್ಟಿ ತಮ್ಮ ಬರಹಕ್ಕೆ ಧಾರಾಳವಾಗಿ ಬಳಸಿಕೊಂಡರು. ಆದರೆ ಆ ಸಾಧನೆ ಹೇಗೆ ಸಾಧ್ಯವಾಯಿತು? ಚೀನಾದ ಕಾಗದ ತಯಾರಿಕೆ ಸಮರ್‌ಖಂದ್ ಮಾರ್ಗವಾಗಿ ಬಗ್ದಾದಿಗೆ ಬಂದು ಪುಸ್ತಕವನ್ನು ಅಗ್ಗವಾಗಿಸಿತು. 9ನೇ ಶತಮಾನದ ಬಗ್ದಾದಿನಲ್ಲಿ ಕಾಗದ ಮತ್ತು ಪುಸ್ತಕದ ವ್ಯಾಪಾರಿಗಳ ನೂರಕ್ಕೂ ಹೆಚ್ಚು ಅಂಗಡಿಗಳಿದ್ದವೆಂದು ಆ ಕಾಲದ ಲೇಖಕ ಯಾಖೂಬಿ ಬರೆದಿದ್ದಾರೆ. ಗ್ರೀಕ್ ವೈದ್ಯ ಗ್ರಂಥಗಳನ್ನು ಅರಬಿಗೆ ತಂದವರಲ್ಲಿ ಅಗ್ರಗಣ್ಯರಾದ ಹುನೈನ್ ಇಬ್ನು ಇಸ್‌ಹಾಖ್ ಕ್ರೈಸ್ತರು. ಗಣಿತಜ್ಞ ಸಾಬಿತ್ ಇಬ್ನು ಖುರ್‍ರಾ ಹರ್‍ರಾನಿನ ಸಾಬಿಯನ್ ಪಂಥದವರು. ಭಾರತದ ಬ್ರಹ್ಮಗುಪ್ತ ಪರಂಪರೆಯ ಖಗೋಳ ಗಣಿತ 8ನೇ ಶತಮಾನದಲ್ಲೇ ಖಲೀಫ ಮನ್ಸೂರನ ಆಸ್ಥಾನ ತಲುಪಿತ್ತು. ಅಲ್ ಖ್ವಾರಿಝ್ಮಿಯವರು ಭಾರತೀಯ ಅಂಕಿಗಳ ಬಗ್ಗೆ ಬರೆದಾಗ ಅವು ಭಾರತದವೆಂದು ಹೇಳಿಯೇ ಬರೆದರು.

ಇಷ್ಟರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಅಂದಿನವರು ‘ಎಲ್ಲವೂ ನಮ್ಮದೇ’ ಎಂದಿದ್ದರೆ ಏನನ್ನೂ ಕಲಿಯುತ್ತಿರಲಿಲ್ಲ. ಅವರ ಹಿರಿಮೆ ಇದ್ದದ್ದು ಅನ್ಯರಿಂದ ಕೇಳಿ ಪಡೆಯುವ ವಿನಯದಲ್ಲಿ, ಪಡೆದದ್ದನ್ನು ಪರೀಕ್ಷಿಸುವ ಧೈರ್ಯದಲ್ಲಿ, ಹಾಗೂ ಈ ಕೆಲಸಕ್ಕೆ ಹಣ ಹೂಡುವ ಸಿದ್ಧತೆಯಲ್ಲಿ. ಅವರ ಹೆಸರು ಹೇಳಿಕೊಂಡು ಅನ್ಯರಿಂದ ಕಲಿಯಲು ನಿರಾಕರಿಸಿದರೆ ಅದು ಅವರ ಪರಂಪರೆಯೇ ಅಲ್ಲ.

ಆ ಯುಗದ ನೆರಳುಗಳನ್ನೂ ಮುಚ್ಚಿಡಬಾರದು. ಅನುವಾದಗಳಿಗೆ ಆಶ್ರಯ ಕೊಟ್ಟ ಖಲೀಫ ಮಾಮೂನನೇ 833ರಲ್ಲಿ ವಿದ್ವಾಂಸರ ವಿಶ್ವಾಸವನ್ನು ವಿಚಾರಣೆಗೆ ಒಡ್ಡಿದನು. ಅರಮನೆಯ ಅಭಿಪ್ರಾಯವನ್ನು ಒಪ್ಪದ ಇಮಾಮ್ ಅಹ್ಮದ್ ಬಿನ್ ಹಂಬಲ್ ಸೆರೆ ಕಂಡರು, ಮುಂದಿನ ಖಲೀಫನ ಕಾಲದಲ್ಲಿ ಚಾಟಿಯೇಟು ತಿಂದರು. ಬಸ್ರಾದ ಉಪ್ಪು ಜೌಗಿನಲ್ಲಿ ದುಡಿಯುತ್ತಿದ್ದ ಆಫ್ರಿಕದ ಗುಲಾಮರು 869ರಲ್ಲಿ ಬಂಡೆದ್ದರು. 14 ವರ್ಷ ನಡೆದ ಆ ದಂಗೆ 883ರಲ್ಲಿ ರಕ್ತಪಾತದಲ್ಲಿ ಕೊನೆಗೊಂಡಿತು. ಆ ಗುಲಾಮನಿಗೆ ಅದು ಸುವರ್ಣಯುಗವಾಗಿತ್ತೇ? ಇತಿಹಾಸದ ಈ ಪುಟ ಹರಿದುಹಾಕಿದರೆ ಅನ್ಯಾಯವಾಗುವುದು ಸತ್ಯಕ್ಕೆ.

ಕಹಿ ಸತ್ಯವನ್ನು ಬರೆಯುವ ಮಾದರಿಯೂ ನಮ್ಮ ಪರಂಪರೆಯಲ್ಲೇ ಇದೆ. ಅಲ್ ಬಿರೂನಿಯವರು ಘಝ್ನಿಯ ಮಹ್ಮೂದನ ಆಶ್ರಯದಲ್ಲಿದ್ದವರು. ಸಂಸ್ಕೃತ ಕಲಿತು, ಭಾರತದ ವಿದ್ಯೆಗಳ ಬಗ್ಗೆ 1030ರ ಸುಮಾರಿಗೆ ಬೃಹತ್ ಗ್ರಂಥ ರಚಿಸಿದರು. ಮಹ್ಮೂದನ ದಾಳಿಗಳಿಂದ ಈ ನಾಡಿನ ಸಮೃದ್ಧಿ ಹಾಳಾಯಿತೆಂದೂ ಇಲ್ಲಿನ ವಿದ್ಯೆಗಳು ದೂರದ ಊರುಗಳಿಗೆ ಸರಿದುಹೋದವೆಂದೂ ಅದರಲ್ಲಿ ಮುಚ್ಚುಮರೆಯಿಲ್ಲದೆ ಬರೆದರು. ಇಬ್ನು ಖಲ್ದೂನ್ ಅವರಂತೂ ಉತ್ಪ್ರೇಕ್ಷಿತ ಸಂಖ್ಯೆಗಳನ್ನೂ ಅಸಂಭವ ಘಟನೆಗಳನ್ನೂ ಪರಿಶೀಲಿಸದೆ ನಕಲು ಮಾಡುವ ಇತಿಹಾಸಕಾರರನ್ನು ತಮ್ಮ ಗ್ರಂಥದ ಆರಂಭದಲ್ಲೇ ತರಾಟೆಗೆ ತೆಗೆದುಕೊಂಡರು. ಅವರು ಇಂದು ನಮ್ಮ ಮೊಬೈಲಿಗೆ ಬರುವ ಸಂದೇಶಗಳನ್ನು ನೋಡಿದ್ದರೆ ಏನು ಹೇಳುತ್ತಿದ್ದರು? 9ನೇ ಶತಮಾನದ ಅಬ್ಬಾಸ್ ಇಬ್ನು ಫಿರ್ನಾಸ್ ರೆಕ್ಕೆ ಕಟ್ಟಿ ಹಾರಿದರೆಂಬ ವಿವರಕ್ಕೆ ಎಲ್ಲರೂ ಅವಲಂಬಿಸುವ ಗ್ರಂಥಕಾರ ಮಖ್ಖರಿ 17ನೇ ಶತಮಾನದವರು. ನಡುವೆ ಏಳು ಶತಮಾನಗಳಿಗೂ ಹೆಚ್ಚಿನ ಅಂತರವಿದೆ. ಇಂಥ ಸಂಗತಿಯನ್ನು ಸಿದ್ಧ ಸತ್ಯವೆಂದು ಮಕ್ಕಳಿಗೆ ಕಲಿಸಿದರೆ, ನಾಳೆ ಅವರು ಅದನ್ನು ಪರೀಕ್ಷಿಸಿ ನೋಡಿದಾಗ ನಮ್ಮ ನಿಜವಾದ ಸಾಧನೆಗಳನ್ನೂ ನಂಬಲಾರರು.

ಪತನದ ಕಥೆಯೂ ಇಷ್ಟೇ ಸಡಿಲ. ಒಬ್ಬರು ಮಂಗೋಲರನ್ನು ದೂರುತ್ತಾರೆ, ಇನ್ನೊಬ್ಬರು ಇಮಾಮ್ ಗಝ್ಝಾಲಿಯವರನ್ನು ದೂರುತ್ತಾರೆ. ತತ್ವಜ್ಞಾನಿಗಳನ್ನು ಖಂಡಿಸಿದ ಗ್ರಂಥದ ಪೀಠಿಕೆಯಲ್ಲೇ ಗಝ್ಝಾಲಿಯವರು, ಗ್ರಹಣದ ಗಣಿತವನ್ನು ಧರ್ಮದ ಹೆಸರಿನಲ್ಲಿ ಅಲ್ಲಗಳೆಯುವವನು ಧರ್ಮಕ್ಕೇ ಹಾನಿ ಮಾಡುತ್ತಾನೆಂದು ಎಚ್ಚರಿಸಿದ್ದಾರೆ. ಅವರು ನಿಧನರಾದದ್ದು 1111ರಲ್ಲಿ. ಶ್ವಾಸಕೋಶದ ಮೂಲಕ ರಕ್ತ ಹರಿಯುವುದನ್ನು ವಿವರಿಸಿದ ಇಬ್ನುನ್ನಫೀಸ್ 13ನೇ ಶತಮಾನದವರು. ಬಗ್ದಾದ್ ಬಿದ್ದ ಮರುವರ್ಷ, 1259ರಲ್ಲಿ, ಅದನ್ನು ಕೆಡವಿದ ಹುಲಾಗೂನ ಆಶ್ರಯದಲ್ಲೇ ನಸೀರುದ್ದೀನ್ ತೂಸಿಯವರು ಮರಾಘಾದಲ್ಲಿ ವೀಕ್ಷಣಾಲಯ ಕಟ್ಟಲಾರಂಭಿಸಿದರು. 14ನೇ ಶತಮಾನದಲ್ಲಿ ದಮಾಸ್ಕಸಿನ ಉಮಯ್ಯಾ ಮಸೀದಿಯಲ್ಲಿ ನಮಾಝಿನ ವೇಳೆ ಲೆಕ್ಕ ಹಾಕುತ್ತಿದ್ದ ಇಬ್ನು ಶಾತಿರ್ ಅವರು ಚಂದ್ರನ ಚಲನೆಗೆ ರೂಪಿಸಿದ ಮಾದರಿಯೇ 1543ರ ಕೋಪರ್ನಿಕಸರ ಗ್ರಂಥದಲ್ಲೂ ಕಾಣುತ್ತದೆ. ಬಗ್ದಾದಿನ ಹತ್ಯಾಕಾಂಡ ಘೋರವಾದುದು, ನಷ್ಟ ಅಪಾರ. ಆದರೆ ವಿದ್ಯೆ ಅಂದೇ ಸತ್ತಿತೆಂದರೆ, ಅನಂತರ ದುಡಿದವರನ್ನೆಲ್ಲ ನಾವೇ ಮರೆತಂತಾಯಿತು.

ಕೇಳಬೇಕಾದ ಕಠಿಣ ಪ್ರಶ್ನೆ ಬೇರೆಯೇ ಇದೆ. 1577ರಲ್ಲಿ ಇಸ್ತಾಂಬುಲಿನಲ್ಲಿ ತಖಿಯುದ್ದೀನ್ ಅವರಿಗಾಗಿ ವೀಕ್ಷಣಾಲಯ ಸಿದ್ಧವಾಯಿತು. 1580ರಲ್ಲಿ ಸುಲ್ತಾನನ ಆಜ್ಞೆಯಿಂದಲೇ ಅದನ್ನು ಕೆಡವಲಾಯಿತು. ಅದೇ ವರ್ಷಗಳಲ್ಲಿ ಡೆನ್ಮಾರ್ಕಿನ ಟೈಕೊ ಬ್ರಾಹೆ ಕಟ್ಟಿದ ವೀಕ್ಷಣಾಲಯವೂ ಬಹುಕಾಲ ನಿಲ್ಲಲಿಲ್ಲ; ದೊರೆ ಬದಲಾದಾಗ ಅವರು ಊರು ಬಿಡಬೇಕಾಯಿತು, ಕಟ್ಟಡ ನೆಲಸಮವಾಯಿತು. ಆದರೆ ಟೈಕೊ ಅವರ ವೀಕ್ಷಣೆಯ ದಾಖಲೆಗಳು ಕೆಪ್ಲರ್ ಕೈ ಸೇರಿದವು, 1609ರಲ್ಲಿ ಅವುಗಳಿಂದ ಹೊಸ ಖಗೋಳ ವಿಜ್ಞಾನದ ಗ್ರಂಥವೊಂದು ಅಚ್ಚಾಗಿ ಹೊರಬಂತು. ಇಸ್ತಾಂಬುಲಿನಲ್ಲಿ ಯಹೂದಿಯರು 1493ರಲ್ಲೇ ಪುಸ್ತಕ ಮುದ್ರಿಸಿದ್ದರು. ಅದೇ ನಗರದಲ್ಲಿ ಇಬ್ರಾಹೀಮ್ ಮುತಫರ್ರಿಕಾ ಅವರ ಮುದ್ರಣಾಲಯದಿಂದ ಮೊದಲ ತುರ್ಕಿ ಗ್ರಂಥ ಹೊರಬಂದದ್ದು 1729ರಲ್ಲಿ. ದೊರೆಗಳ ಚಾಂಚಲ್ಯ ಎರಡೂ ಕಡೆ ಒಂದೇ. ವ್ಯತ್ಯಾಸ ಮಾಡಿದ್ದು, ಒಬ್ಬನ ವಿದ್ಯೆಯನ್ನು ದೊರೆಯ ಹಂಗಿಲ್ಲದೆ ಇನ್ನೊಬ್ಬನಿಗೆ ದಾಟಿಸುವ ವ್ಯವಸ್ಥೆ.

ಇದಕ್ಕೆ ನಮ್ಮ ಕರ್ನಾಟಕದಲ್ಲೇ ಒಂದು ಸಾಕ್ಷಿಯಿದೆ. ಇರಾನಿನ ಗೀಲಾನಿನಿಂದ ವ್ಯಾಪಾರಕ್ಕೆಂದು ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಮಹ್ಮೂದ್ ಗವಾನ್ 1472ರಲ್ಲಿ ಬೀದರಿನಲ್ಲಿ ಮದ್ರಸ ಕಟ್ಟಿಸಿದರು. ಆಗ ಫ್ಲಾರೆನ್ಸಿನಲ್ಲಿ ಲಿಯೊನಾರ್ಡೊ ಡ ವಿಂಚಿ 20ರ ತರುಣ. 1478ರಲ್ಲಿ ಆ ಫ್ಲಾರೆನ್ಸಿನ ಮಹಾ ಇಗರ್ಜಿಯೊಳಗೇ ಮೆಡಿಚಿ ಮನೆತನದ ಯುವಕನೊಬ್ಬನನ್ನು ವಿರೋಧಿಗಳು ಇರಿದು ಕೊಂದರು. 1481ರಲ್ಲಿ ಬೀದರಿನ ಗುಂಪುಗಾರಿಕೆ ಗವಾನ್ ಹೆಸರಿನಲ್ಲಿ ಸುಳ್ಳು ಪತ್ರ ಸೃಷ್ಟಿಸಿತು. ಸುಲ್ತಾನನು ವಿಚಾರಿಸದೆ ಆ ವೃದ್ಧರ ತಲೆ ಹಾರಿಸಿದನು. ಬಹಮನಿ ರಾಜ್ಯ ಬಳಿಕ ಐದು ಹೋಳಾಯಿತು. ಮದ್ರಸದ ಒಂದು ಭಾಗ 17ನೇ ಶತಮಾನದ ಕೊನೆಯಲ್ಲಿ ಸಿಡಿಮದ್ದು ಸ್ಫೋಟಿಸಿ ನಾಶವಾಯಿತು. ಆಗ ಬೀದರ್ ಮೊಘಲರ ಕೈಯಲ್ಲಿತ್ತು. ಇಲ್ಲಿಗೆ ಯಾವ ಮಂಗೋಲನೂ ಬಂದಿರಲಿಲ್ಲ. ಉಳಿದ ಗೋಡೆಯ ಬಣ್ಣದ ಹೆಂಚುಗಳ ಮುಂದೆ ನಿಂತು ನಿಟ್ಟುಸಿರು ಬಿಡುವಾಗ ಇದನ್ನೂ ಮಕ್ಕಳಿಗೆ ಹೇಳಬೇಕು.

ಈಗ ಆರಂಭದಲ್ಲಿ ಹೇಳಿದ ಅಸ್ತ್ರದ ಮಾತಿಗೆ ಬರೋಣ. ಬ್ರಿಟಿಷ್ ಲೇಖಕ ಜೇಮ್ಸ್ ಮಿಲ್ 1817ರಲ್ಲಿ ಭಾರತದ ಇತಿಹಾಸ ಪ್ರಕಟಿಸಿದರು. ಅವರು ಭಾರತಕ್ಕೆ ಒಮ್ಮೆಯೂ ಬಂದವರಲ್ಲ. ನಮ್ಮ ಚರಿತ್ರೆಯನ್ನು ಹಿಂದೂ ಕಾಲ, ಮುಸ್ಲಿಮ್ ಕಾಲ, ಬ್ರಿಟಿಷ್ ಕಾಲ ಎಂದು ಸೀಳಿದವರು ಅವರು. ಹಿಂದೂ ಕಾಲವನ್ನು ಮಿಲ್ ಹೊಗಳಿರಲಿಲ್ಲ. ಆದರೆ ಈ ವಿಭಜನೆಯ ಮೇಲೆ ಅನಂತರದವರು ಯುರೋಪಿನ ಅಚ್ಚನ್ನೇ ಇಟ್ಟರು: ಮೊದಲು ಸುವರ್ಣಯುಗ, ನಡುವೆ ಕತ್ತಲೆ, ಕೊನೆಯಲ್ಲಿ ಪುನರುಜ್ಜೀವನ. ನಡುವಿನ ಕತ್ತಲೆಯ ಪಾತ್ರ ಯಾರಿಗೆ ಬಂತೆಂದು ಈ ಸಭೆಗೆ ವಿವರಿಸಬೇಕಾಗಿಲ್ಲ. ಆ ಸುವರ್ಣಯುಗವೂ ಎಲ್ಲರದಾಗಿರಲಿಲ್ಲ. ಗುಪ್ತರ ಕಾಲದಲ್ಲಿ ಇಲ್ಲಿಗೆ ಬಂದ ಚೀನೀ ಯಾತ್ರಿಕ ಫಾಹಿಯಾನ್, ಚಂಡಾಲರು ಪೇಟೆಗೆ ಬರುವಾಗ ಮರದ ತುಂಡು ಬಡಿದು ಇತರರನ್ನು ಎಚ್ಚರಿಸಬೇಕಿತ್ತೆಂದು ದಾಖಲಿಸಿದ್ದಾರೆ.

ನಮ್ಮನ್ನು ಯಾರಾದರೂ ಕತ್ತಲೆಯ ಯುಗವೆಂದು ಕರೆದರೆ ನಮಗೆ ನೋವಾಗುತ್ತದೆ, ನ್ಯಾಯಯುತವಾದ ನೋವದು. ಆದರೆ ನಾವೇ ವೇದಿಕೆಯೇರಿ ಯುರೋಪಿನ ಸಾವಿರ ವರ್ಷಗಳನ್ನು ಕತ್ತಲೆಯೆಂದು ಒಂದೇ ಮಾತಿನಲ್ಲಿ ಅಳಿಸಿಹಾಕುವಾಗ ಬಳಸುವುದು ಅದೇ ಅಳತೆಗೋಲು. ಅಳತೆಗೋಲು ಸುಳ್ಳಾದರೆ ಎರಡು ಕಡೆಗೂ ಸುಳ್ಳು. ಅದನ್ನು ನಮ್ಮ ಕೈಯಲ್ಲಿಟ್ಟುಕೊಂಡು, ಇನ್ನೊಬ್ಬರು ಬಳಸಬಾರದೆಂದು ಕೇಳುವ ಹಕ್ಕು ನಮಗಿಲ್ಲ. ಸುವರ್ಣಯುಗದ ಕಥೆ ಹೇಳಿದವರಿಗೆ ಅದನ್ನು ಹಾಳುಗೆಡವಿದ ಶತ್ರುವೊಬ್ಬ ಬೇಕೇ ಬೇಕಾಗುತ್ತಾನೆ. ಆ ಶತ್ರುವಿನ ಮೊಮ್ಮಕ್ಕಳೆಂದು ಪಕ್ಕದ ಮನೆಯವರನ್ನೇ ತೋರಿಸುವ ಕಾಲವೂ ಬರುತ್ತದೆ.

ಹಾಗೆಂದು ಮಕ್ಕಳಿಗೆ ಇತಿಹಾಸ ಹೇಳುವುದನ್ನು ಬಿಡಬೇಕಾಗಿಲ್ಲ. ಯಾವ ಯುಗದ ಕಥೆ ಹೇಳಿದರೂ ಮೂರು ಪ್ರಶ್ನೆಗಳನ್ನು ಕೇಳಲು ಅವರಿಗೆ ಕಲಿಸೋಣ. ಅವರು ಯಾರಿಂದ ಕಲಿತರು? ಯಾರನ್ನು ಹೊರಗಿಟ್ಟರು? ಕಲಿತದ್ದನ್ನು ಮುಂದಿನವರಿಗೆ ಹೇಗೆ ದಾಟಿಸಿದರು? ಈ ಪ್ರಶ್ನೆಗಳನ್ನು ನಮ್ಮ ಮೊಹಲ್ಲಾಗಳಿಗೂ ಕೇಳೋಣ. 6ರಿಂದ 14 ವರ್ಷದ ಮುಸ್ಲಿಮ್ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಒಂದೋ ಶಾಲೆಯ ಮೆಟ್ಟಿಲು ಹತ್ತಿಲ್ಲ, ಇಲ್ಲವೇ ನಡುವೆ ಬಿಟ್ಟಿದ್ದಾರೆಂದು 2006ರಲ್ಲಿ ಸಾಚಾರ್ ಸಮಿತಿ ವರದಿ ಮಾಡಿತ್ತು. ಆ ಪೀಳಿಗೆಯ ಮಕ್ಕಳು ಇಂದು ತಂದೆ ತಾಯಂದಿರಾಗಿದ್ದಾರೆ. ಅವರ ಬಾಲ್ಯದಲ್ಲೂ ನಮ್ಮ ಸಭೆಗಳಲ್ಲಿ ಬಗ್ದಾದಿನ ವರ್ಣನೆಗೇನೂ ಕೊರತೆಯಿರಲಿಲ್ಲ.

ಬಗ್ದಾದಿನ ಪರಂಪರೆಯನ್ನು ಗೌರವಿಸುವ ದಾರಿ ದುಬಾರಿಯೇನಲ್ಲ. ಒಂದು ವಾರ್ಷಿಕ ಸಮಾರಂಭದ ಶಾಮಿಯಾನ, ಊಟ ಮತ್ತು ಧ್ವನಿವರ್ಧಕದ ವೆಚ್ಚದಲ್ಲಿ ಮೊಹಲ್ಲಾಕ್ಕೊಂದು ವಾಚನಾಲಯ ತೆರೆಯಬಹುದು. ಹೆಣ್ಣುಮಕ್ಕಳು ನಿಸ್ಸಂಕೋಚವಾಗಿ ಬಂದು ಕೂರುವಂತಹ ಸ್ಥಳ ಅದಾಗಿರಲಿ. ನೆರೆಯ ಹಿಂದೂ, ಕ್ರೈಸ್ತ ಮಕ್ಕಳಿಗೂ ಅದರ ಬಾಗಿಲು ತೆರೆದಿರಲಿ. ಹುನೈನ್ ಅವರನ್ನು ಬರಮಾಡಿಕೊಂಡ ಊರು ಅವರ ಧರ್ಮವನ್ನು ಕೇಳಿರಲಿಲ್ಲ. ಅಲ್ಲಿ ವಚನ ಸಾಹಿತ್ಯವೂ ಇರಲಿ, ಇಬ್ನು ಖಲ್ದೂನರೂ ಇರಲಿ, ಕೆಪ್ಲರರ ಜೀವನ ಚರಿತ್ರೆಯೂ ಇರಲಿ. ಅರಬಿ, ಉರ್ದು ಬಲ್ಲ ನಮ್ಮ ವಿದ್ವಾಂಸರು ವರ್ಷಕ್ಕೊಂದು ಒಳ್ಳೆಯ ಗ್ರಂಥವನ್ನು ಕನ್ನಡಕ್ಕೆ ತರಲಿ. ಅದರ ಸಂಭಾವನೆಯನ್ನು ಉಳ್ಳವರು ಭರಿಸಲಿ. ಖಲೀಫರ ಕಾಲದಲ್ಲೂ ಅನುವಾದಕರು ಪುಕ್ಕಟೆ ದುಡಿಯಲಿಲ್ಲ.

ಇಷ್ಟು ಮಾಡಿದರೆ ನಮ್ಮ ಕಾಲ ಸುವರ್ಣಯುಗವಾಗುತ್ತದೆಂಬ ಭರವಸೆಯನ್ನು ನಾವು ಕೊಡಲಾರೆವು. ಅಂಥ ಹೆಸರು ನಮಗೆ ಬೇಕಾಗಿಯೂ ಇಲ್ಲ. ಶಾಲೆ ಬಿಟ್ಟ ಒಂದು ಮಗು ಆ ವಾಚನಾಲಯದ ದಾರಿಯಾಗಿ ಮತ್ತೆ ಶಾಲೆಗೆ ಹೋದರೆ, ಅಷ್ಟರಮಟ್ಟಿಗೆ ನಮ್ಮ ಕೆಲಸ ಆರಂಭವಾಯಿತು.